ಬಾಗಿಲು ಎಳೆದುಕೊಂಡು ಬನ್ನಿ

ಬೆಂಕಿ ಬಿದ್ದ ಮನೆಯ ಮುಂದೆ ನಗಬಾರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಫೈರ್ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನಾವೆಲ್ಲ ಪಾಲಿಸುತ್ತೇವೆ. ಬೆಂಕಿ ಆರಿ, ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾಗಿ, ವಾಪಸು ಬಂದು ಒದ್ದೆ ಪೈಪುಗಳನ್ನು ಒಣಹಾಕಿ, ಟೀ ಲೋಟ ಕೈಗೆ ಬಂದ ಮೇಲೆ ಎಷ್ಟು ಬೇಕಾದರೂ ನಗಬಹುದು. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಮುತ್ತ ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಹಾಗೆ ನಕ್ಕ ದಿನಗಳಿಗೆ ಲೆಕ್ಕವಿಲ್ಲ. ಅವು ನಿಲ್ಲುವ ಲಕ್ಷಣವೂ ಕಾಣುತ್ತಿಲ್ಲ, ಏಕೆಂದರೆ ಬೆಂಕಿಯೂ ತನ್ನ ಬುದ್ಧಿ ಬಿಡುವುದಿಲ್ಲ, ನಮ್ಮ ಜನವೂ ಬಿಡುವುದಿಲ್ಲ.

ನನ್ನದು ಒಂದೇ ಹಠ. ಮನೆಯೊಳಗೆ ಬೆಂಕಿ ಕಂಡರೆ ಏನನ್ನೂ ಎತ್ತಿಕೊಳ್ಳದೆ ಹೊರಗೆ ಬನ್ನಿ. ಬರುವಾಗ ಬಾಗಿಲು ಎಳೆದುಕೊಂಡು ಬನ್ನಿ. ಬೆಂಕಿಗೆ ಗಾಳಿಯೇ ಊಟ. ಬಾಗಿಲು ಮುಚ್ಚಿದರೆ ಅದು ಅರೆಹೊಟ್ಟೆಯಲ್ಲಿ ಅಲ್ಲೇ ಬಿದ್ದಿರುತ್ತದೆ, ತೆಗೆದರೆ ಇಡೀ ಮನೆಯನ್ನು ಉಣ್ಣಲು ಏಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆ ನನ್ನ ಕಣ್ಣೆದುರೇ ಪೂರ್ತಿ ಹೋಯಿತು. ನಾವು ತಲುಪುವ ಸ್ವಲ್ಪ ಮುಂಚೆ ಯಾರೋ ಹಿತ್ತಿಲ ಬಾಗಿಲು ತೆಗೆದಿದ್ದರು, ಅಷ್ಟೇ. ಆ ಮನೆಯ ಹೆಂಗಸು ಬೀದಿಯಲ್ಲಿ ಕೂತು ಅದು ಉರಿಯುವುದನ್ನು ನೋಡುತ್ತಿದ್ದಳು. ಅಂದಿನಿಂದ ಶಾಲೆಗೆ ಹೋಗಲಿ, ಸಂತೆಗೆ ಹೋಗಲಿ, ಹೆಣ್ಣುಮಕ್ಕಳ ಸಂಘದ ಸಭೆಗೆ ಹೋಗಲಿ, ಇದನ್ನೇ ಹೇಳುತ್ತೇನೆ. ಸರ್ವೀಸು ಮುಗಿಯುವುದರೊಳಗೆ, ನನ್ನ ಮಾತು ಕೇಳಿ ಬಾಗಿಲು ಹಾಕಿದ್ದರಿಂದ ಉಳಿದ ಮನೆ ಒಂದನ್ನಾದರೂ ಕಣ್ಣಾರೆ ನೋಡಬೇಕು ಅನ್ನುವುದು ನನ್ನ ಆಸೆ.

ನಮ್ಮ ಗಾಡಿಯ ಡ್ರೈವರಿಗೆ ಇದೊಂದು ದೊಡ್ಡ ತಮಾಷೆ. "ಅಂಥ ಮನೆ ಸಿಕ್ರೆ ಏಳಿ ಸಾ, ಮನೆಯವ್ರ ಕಾಲಿಗೆ ಅಡ್ಡಬಿದ್ದು ಬತ್ತೀನಿ" ಅನ್ನುತ್ತಾನೆ.

ತೇಗದ ಬಾಗಿಲು

ಶಾಗ್ಯದಲ್ಲಿ ಒಂದು ಹೆಂಚಿನ ಮನೆ. ಅಡುಗೆಮನೆಯಲ್ಲಿ ಒಟ್ಟಿದ್ದ ಸೌದೆಗೆ ಬೆಂಕಿ ಹತ್ತಿದೆ ಎಂದು ಫೋನು ಬಂತು. ಫೋನು ಮಾಡಿದವರು ಮನೆಯ ಯಜಮಾನರೇ. ನಾನು ಹೊರಡುವ ಗಡಿಬಿಡಿಯಲ್ಲೂ ಎರಡು ಸಲ ಹೇಳಿದೆ: "ಯಜಮಾನ್ರೇ, ಎಲ್ರೂ ಆಚೆಗೆ ಬನ್ನಿ. ಬಾಗ್ಲು ನೋಡ್ಕಳಿ, ಬಾಗ್ಲು ಮುಖ್ಯ."

"ಆಯ್ತು ಸಾ, ಬಾಗ್ಲು ನಾನು ನೋಡ್ಕತೀನಿ" ಅಂದರು. ನನಗೆ ಖುಷಿಯೋ ಖುಷಿ. ದಾರಿಯುದ್ದಕ್ಕೂ ಡ್ರೈವರಿಗೆ ಹೇಳಿದೆ, ಇವತ್ತು ನೀನು ಅಡ್ಡಬೀಳುವುದು ಖಂಡಿತ ಅಂತ.

ಹೋಗಿ ನೋಡಿದರೆ ಮನೆ ಬಾಯಿ ತೆರೆದುಕೊಂಡು ನಿಂತಿದೆ, ಒಳಗಿಂದ ಹೊಗೆ ಧಾರಾಳವಾಗಿ ಬರುತ್ತಿದೆ. ಬಾಗಿಲು ಮುಚ್ಚೋಣವೆಂದರೆ ಚೌಕಟ್ಟಿನಲ್ಲಿ ಬಾಗಿಲೇ ಇಲ್ಲ! ತಿರುಗಿ ನೋಡಿದೆ. ಬೇವಿನ ಮರದ ಕೆಳಗೆ ನಾಲ್ಕು ಜನ ಸೇರಿ ಬಾಗಿಲನ್ನು ಮಲಗಿಸಿ, ಬಿಂದಿಗೆಯಲ್ಲಿ ನೀರು ತಂದು ತಂದು ಅದರ ಮೇಲೆ ಸುರಿಯುತ್ತಿದ್ದಾರೆ.

"ಏನ್ ಯಜಮಾನ್ರೇ ಇದು?"

"ತಾತನ ಕಾಲದ ತೇಗ ಕನ್ ಸಾ. ನೀವು ಬಾಗ್ಲು ಮುಖ್ಯ ಅಂದ್ರಲ್ಲ, ಮೊದ್ಲು ಅದ್ನೇ ಕಿತ್ತು ಆಚೆಗ್ ತಂದ್ವಿ."

ಹೇಗೋ ಹಜಾರ ಉಳಿಸಿದೆವು, ಅಡುಗೆಮನೆಯ ಸೂರು ಹೋಯಿತು. ಆರು ತಿಂಗಳಾದ ಮೇಲೆ ಹೊಸ ಅಡುಗೆಮನೆ ಕಟ್ಟಿಸಿ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಬಂದ ನೆಂಟರಿಗೆಲ್ಲ ಯಜಮಾನರು ಆ ಬಾಗಿಲನ್ನು ತಟ್ಟಿ ತೋರಿಸುತ್ತಿದ್ದರು: "ಅಷ್ಟು ಬೆಂಕೀಲೂ ಒಂದ್ ಗೀಟು ಬಿದ್ದಿಲ್ಲ ನೋಡಿ!"

ಬದನೆಕಾಯಿ ಬಣ್ಣ

ಕೊಳ್ಳೇಗಾಲ ಅಂದರೆ ರೇಷ್ಮೆ ಸೀರೆ. ಒಂದು ಅಂಗಡಿಯ ಮಹಡಿಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆ ತುಂಬಿದ್ದ ಕೋಣೆಯಲ್ಲಿ ವೈರು ಸುಟ್ಟು ಬೆಂಕಿ ಹತ್ತಿತ್ತು. ಬಾಗಿಲು ಮುಚ್ಚಿತ್ತು, ಪುಣ್ಯಕ್ಕೆ. ಆದರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಸೇಲ್ಸ್‌ಮನ್ ಒಬ್ಬ, ಒಳಗೆ ಏನು ಉರಿಯುತ್ತಿದೆ ಎಂದು ನೋಡಲು ಬಾಗಿಲು ತೆಗೆದು, ನೋಡಿ, ಹೆದರಿ, ಹಾಗೇ ಬಿಟ್ಟು ಓಡಿಬಂದಿದ್ದ. ಹೊಗೆ ಅವನ ಹಿಂದೆಯೇ ಮೆಟ್ಟಿಲಿಳಿದು ಕೆಳಗೆ ಬಂತು.

ಕೆಳಗೆ ಒಂದು ಮದುವೆ ಮನೆಯವರು ಬೆಳಗ್ಗೆಯಿಂದ ಕೂತು ಸೀರೆ ನೋಡುತ್ತಿದ್ದರಂತೆ. ಇನ್ನೂರು ಸೀರೆ ಬಿಚ್ಚಿಸಿದರೂ ಒಂದೂ ಹಿಡಿಸಿರಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ನಾವು ಮುಖಕ್ಕೆ ಮಾಸ್ಕು, ಬೆನ್ನಿಗೆ ಸಿಲಿಂಡರು ಹಾಕಿಕೊಂಡು ಬಾಗಿಲಲ್ಲಿ ಪೈಪು ಹಿಡಿದು ಸಿದ್ಧವಾದೆವು. ಅಷ್ಟರಲ್ಲಿ ಮದುವೆ ಹುಡುಗಿಯ ಸೋದರತ್ತೆ ಬಂದು ನನ್ನ ತೋಳು ಹಿಡಿದುಕೊಂಡರು.

"ಅಣ್ಣಾ, ಎಂಗೂ ಒಳಕ್ ಓಯ್ತಿದ್ದೀರಲ್ಲ, ಎಡಗಡೆ ಮೂಲೇಲಿ ಬದನೆಕಾಯಿ ಬಣ್ಣದ್ದು ಒಂದದೆ. ಅದೇ ಇರ್ಲಿ. ತಕಂಡ್ ಬಂದ್ಬುಡಿ."

ಮಾಸ್ಕಿನೊಳಗಿಂದ ನಾನು ಬೈದದ್ದು ಅವರಿಗೆ ಕೇಳಿಸಲಿಲ್ಲ, ಒಪ್ಪಿಕೊಂಡೆನೆಂದು ತಿಳಿದರು. ಮೇಲಕ್ಕೆ ಹೋಗಿ, ಮೊದಲು ಆ ಕೋಣೆಯ ಬಾಗಿಲು ಎಳೆದು, ಪೈಪಿಗೆ ನೀರು ಬಂದ ಮೇಲೆ ಬಗ್ಗಿ ಕೂತು ಸ್ವಲ್ಪ ಸ್ವಲ್ಪವೇ ತೆರೆದು ನಂದಿಸಿದೆವು. ಕೆಳಗಿನ ಒಂದು ಸೀರೆಗೂ ಏನೂ ಆಗಲಿಲ್ಲ. ಸೋದರತ್ತೆ ಬದನೆಕಾಯಿ ಬಣ್ಣದ್ದನ್ನೇ ತೆಗೆದುಕೊಂಡರು.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಸಾ, ತಪ್ಪು ತಿಳ್ಕಬೇಡಿ. ನಲವತ್ತು ವರ್ಷದ ಯಾಪಾರದಲ್ಲಿ ಇಷ್ಟು ಬೇಗ ಸೀರೆ ಒಪ್ಕಂಡೋರ್ನ ನಾನು ನೋಡೇ ಇಲ್ಲ."

ಗಾಜು ಒಡೆದವನು

ಹನೂರಿನ ಬೇಕರಿಯೊಂದರ ಹಿಂದಿನ ಕೋಣೆಯಲ್ಲಿ ಎಣ್ಣೆ ಬಾಣಲೆ ಹೊತ್ತಿಕೊಂಡಿತ್ತು. ಬಾಗಿಲು ಹಾಕಿದೆ, ಕಿಟಕಿಗೆ ಗಾಜಿದೆ, ಒಳಗೆ ಬೆಂಕಿ ಉಸಿರು ಸಿಗದೆ ಮಂಕಾಗಿದೆ. ಇವತ್ತು ನನ್ನ ಆಸೆ ತೀರಿತು ಅಂದುಕೊಳ್ಳುವಷ್ಟರಲ್ಲಿ ಕಿಟಕಿಯ ಗಾಜು ಫಳಾರನೆ ಒಡೆಯಿತು, ಒಳಗೆ ಬೆಂಕಿ ಧಗ್ಗನೆ ಎದ್ದಿತು.

ಕಿಟಕಿಯ ಹತ್ತಿರ ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದ ಒಬ್ಬ ಮಹಾನುಭಾವ ನಿಂತಿದ್ದ.

"ಯಾಕಯ್ಯಾ ಒಡ್ದೆ?"

"ಗಾಜಲ್ಲಿ ನನ್ ಮೊಕನೇ ಕಾಣ್ತಿತ್ತು ಸಾ, ವಿಡಿಯೋದಲ್ಲಿ ಬೆಂಕಿ ಬತ್ತಾನೇ ಇರ್ನಿಲ್ಲ."

ಬೆಂಕಿ ಆರಿಸಲು ಅರ್ಧ ಗಂಟೆ ಹಿಡಿಯಿತು. ಆ ವಿಡಿಯೋ ಸಂಜೆಯೊಳಗೆ ನನ್ನ ಮೊಬೈಲಿಗೂ ಬಂತು. ಬೆಂಕಿ ಚೆನ್ನಾಗಿ ಬಂದಿತ್ತು.

ದೀಪ ಹಚ್ಚುವ ಹೊತ್ತು

ನಮ್ಮ ಕಡೆ ಒಂದು ನಂಬಿಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಮನೆಗೆ ಬರುತ್ತಾಳೆ, ಆಗ ತಲೆಬಾಗಿಲು ಹಾಕಬಾರದು. ಇದಕ್ಕೆ ನನ್ನ ತಕರಾರೇನಿಲ್ಲ. ಆದರೆ ಕೌದಳ್ಳಿಯ ಆ ಮನೆಗೆ ಬೆಂಕಿ ಬಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ.

ಒಳಮನೆಯಲ್ಲಿ ಬೆಂಕಿ, ಪೈಪಿಗೆ ಇನ್ನೂ ನೀರು ಬಂದಿಲ್ಲ. ಬರುವ ತನಕ ಗಾಳಿ ಹೋಗದಿರಲಿ ಎಂದು ನಾನು ತಲೆಬಾಗಿಲು ಎಳೆದೆ. ಆ ಮನೆಯ ಅಜ್ಜಿ ಬಂದು ತಳ್ಳಿದರು. ನಾನು ಮತ್ತೆ ಎಳೆದೆ, ಅಜ್ಜಿ ಮತ್ತೆ ತಳ್ಳಿದರು.

"ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲಾಕ್ತೀಯಲ್ಲಪ್ಪ, ನಿಂಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಶಾಸ್ತ್ರಕ್ಕೆ ಶಾಸ್ತ್ರವೇ ಮದ್ದು ಎಂದುಕೊಂಡು ಹೇಳಿದೆ: "ಅಜ್ಜಿ, ಈಗ ಲಕ್ಷ್ಮಿ ಒಳಕ್ಕೋದ್ರೆ ಅವ್ಳ ಸೀರೆಗೇ ಬೆಂಕಿ ಅತ್ಕತದೆ."

ಅಜ್ಜಿ ತಳ್ಳುವುದನ್ನು ನಿಲ್ಲಿಸಿ ಗಲ್ಲದ ಮೇಲೆ ಕೈಯಿಟ್ಟು ಯೋಚಿಸಿದರು. "ಅದೂ ದಿಟವೇಯ. ಅಂಗಾರೆ ಅರ್ಧ ಬಾಗ್ಲಾಕು. ನೋಡ್ಕಂಡ್ ಬತ್ತಾಳೆ."

ಮನೆಗೆ ಬಂದು ನಮ್ಮವ್ವನಿಗೆ ಇದನ್ನು ಹೇಳಿ ನಕ್ಕೆ. ಅವ್ವ ನಗಲಿಲ್ಲ. "ಆಯಮ್ಮ ಏಳಿದ್ರಲ್ಲಿ ತಪ್ಪೇನದೆ? ನೀನು ಊರೋರ ಮನೆ ಲಕ್ಷ್ಮಿನೆಲ್ಲಾ ಆಚೆಗ್ ನಿಲ್ಸಿ ಬತ್ತೀಯ, ಅದಕ್ಕೇ ನಮ್ಮನೇಲಿ ಒಂದ್ ಕಾಸೂ ನಿಲ್ತಿಲ್ಲ" ಅಂದಳು. ಬಾಗಿಲು ಹಾಕುವುದರಿಂದ ಏನು ಉಪಯೋಗ ಎಂದು ಅವಳಿಗೆ ವಿವರಿಸಲು ಹೋದೆ. ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ ಆ ದೇವರಿಗೇ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಎದ್ದುಹೋದೆ.

ನಮ್ಮನೆ

ಹೋದ ಶ್ರಾವಣದಲ್ಲಿ ಒಂದು ದಿನ ನನಗೆ ರಜೆ. ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ಅವ್ವ ಒಬ್ಬಳೇ. ಸಂಜೆ ಹೊತ್ತು ನಾನು ಸೊಪ್ಪು ಕೊಳ್ಳಲು ಬೀದಿಯ ತುದಿಗೆ ಹೋಗಿದ್ದೆ. ಪಕ್ಕದ ಮನೆಯವರು ಓಡಿಬಂದು, "ನಿಮ್ಮನೇಲಿ ಹೊಗೆ! ಗಾಡಿಗೆ ಫೋನ್ ಮಾಡಿದ್ದೀವಿ, ಬನ್ನಿ!" ಅಂದರು.

ನಾನು ಸೊಪ್ಪು ಅಲ್ಲೇ ಬಿಸಾಕಿ ಓಡಿದೆ. ಕಾಲಲ್ಲಿ ಒಂದೇ ಚಪ್ಪಲಿ ಉಳಿದಿತ್ತು. ಕಲಿತದ್ದು, ಕಲಿಸಿದ್ದು ಒಂದೂ ತಲೆಯಲ್ಲಿರಲಿಲ್ಲ. ಅವ್ವ ಒಳಗಿದ್ದಾಳೆ ಅನ್ನುವುದೊಂದೇ ಇದ್ದದ್ದು.

ಅವ್ವ ಒಳಗಿರಲಿಲ್ಲ. ಜಗಲಿಯ ಮೇಲೆ, ಮುಚ್ಚಿದ ತಲೆಬಾಗಿಲಿಗೆ ಬೆನ್ನು ಕೊಟ್ಟು, ಮಡಿಲ ಮೇಲೆ ಸೆರಗು ಹೊದ್ದಿಸಿಕೊಂಡು ಕೂತಿದ್ದಳು. ದೇವರ ಕೋಣೆಯ ದೀಪದಿಂದ ಪರದೆಗೆ ಬೆಂಕಿ ತಗುಲಿತ್ತಂತೆ. ಅವಳನ್ನು ನೋಡಿ ನನಗೆ ಹೋದ ಜೀವ ಬಂತು. ಜೀವ ಬಂದ ಕೂಡಲೇ ಮನೆ ನೆನಪಾಯಿತು.

"ಏಳವ್ವ, ಬಾಗ್ಲು ತೆಗೀತೀನಿ! ಎಲ್ಲಾ ಸುಟ್ಟೋಯ್ತದೆ!"

"ತೆಗೀಬ್ಯಾಡ ಕಣ್ಲಾ."

ನಾನು ಅವಳ ತಲೆಯ ಮೇಲಿಂದ ಕೈಹಾಕಿ ಚಿಲಕ ಹಿಡಿದೆ. ಅವ್ವ ನನ್ನ ಮುಂಗೈ ಮೇಲೆ ಫಟಾರನೆ ಒಂದು ಕೊಟ್ಟಳು. ಬೀದಿಯ ಜನವೆಲ್ಲ ನೋಡುತ್ತಿದ್ದರು.

"ಬಾಗ್ಲು ತೆಗುದ್ರೆ ಬೆಂಕಿಗೆ ಉಣ್ಣಾಕ್ ಇಕ್ದಂಗೆ ಅಂತ ಇಪ್ಪತ್ ವರ್ಷದಿಂದ ನನ್ ತಲೆ ತಿಂದೋನು ಯಾವನ್ಲಾ? ದೇವ್ರ ಕೋಣೆ ಬಾಗ್ಲೂ ಹಾಕಿವ್ನಿ, ಹಿತ್ಲು ಬಾಗ್ಲೂ ಹಾಕಿವ್ನಿ. ನಿಮ್ಮೋರು ಬರಗಂಟ ಬಾಯ್ಮುಚ್ಕಂಡು ಕೂತ್ಕೊ."

ಆದರೂ ನಾನು ಸುಮ್ಮನಿರಲಿಲ್ಲ. ಕಿಟಕಿಯನ್ನಾದರೂ ತೆಗೆಯೋಣವೆಂದು ಆ ಕಡೆ ಹೊರಟೆ. ಅಷ್ಟರಲ್ಲಿ ಗಾಡಿ ಬಂತು. ನಮ್ಮ ಸ್ಟೇಷನ್ನಿನ ಫೈರ್‌ಮನ್ ಒಬ್ಬ ಇಳಿದವನೇ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, "ಸಾ, ನೀವು ದೂರ ನಿಂತ್ಕಳಿ. ಮನೆಯವ್ರು ಅಡ್ಡ ಬಂದ್ರೆ ನಾವ್ ಕೆಲ್ಸ ಮಾಡಕಾಗಲ್ಲ" ಅಂದ. ಈ ಮಾತನ್ನು ಅವನಿಗೆ ಕಲಿಸಿದವನು ನಾನೇ.

ಅವರು ಅವ್ವನನ್ನು ಜಗಲಿಯ ತುದಿಗೆ ಕೂರಿಸಿ, ಪೈಪು ಹಿಡಿದು, ಬಗ್ಗಿ, ಒಂದೊಂದೇ ಬಾಗಿಲು ಮೆಲ್ಲಗೆ ತೆರೆದುಕೊಂಡು ಒಳಗೆ ಹೋದರು. ನಾನು ಒಂದೇ ಚಪ್ಪಲಿಯಲ್ಲಿ ಬೀದಿಯಲ್ಲಿ ನಿಂತಿದ್ದೆ. ಆಗ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೀದಿಯಲ್ಲಿ ಕೂತಿದ್ದ ಆ ಹೆಂಗಸು ನೆನಪಾದಳು. ಒಬ್ಬ ಮನುಷ್ಯ ತನ್ನ ಮನೆಯನ್ನು ಹೀಗೆ ಹೊರಗೆ ನಿಂತು ನೋಡುವುದು ಎಷ್ಟು ಕಷ್ಟವೆಂದು ಇಷ್ಟು ವರ್ಷಕ್ಕೆ ಅವತ್ತೇ ನನಗೆ ಗೊತ್ತಾದದ್ದು.

ಐದು ನಿಮಿಷಕ್ಕೆ ಅವರು ಹೊರಗೆ ಬಂದರು. ದೇವರ ಕೋಣೆಯ ಪರದೆ, ಒಂದು ಮರದ ಮಣೆ, ಗೋಡೆಯ ಬಣ್ಣ ಹೋಗಿತ್ತು. ಬೆಂಕಿ ಮುಕ್ಕಾಲು ತಾನೇ ಸತ್ತಿತ್ತು. ಪಕ್ಕದ ಕೋಣೆಯ ಗೋಡೆಗೆ ಒಂದು ಕರಿ ಕಲೆಯೂ ಇರಲಿಲ್ಲ.

ಡ್ರೈವರು ಎಲ್ಲವನ್ನೂ ನೋಡಿ, ತಲೆಬಾಗಿಲು ಎಳೆದುಕೊಂಡು ಬಂದು, "ಬಾಗ್ಲಾಕಿದ್ದು ಯಾರು?" ಎಂದು ಕೇಳಿದ. ನಾನು ಬಾಯಿ ಬಿಡುವ ಮುಂಚೆ ಬೀದಿಯೆಲ್ಲ ಅವ್ವನ ಕಡೆ ಕೈ ತೋರಿಸಿತು. "ತೆಗೆಯಾಕೋದೋರು?" ಎಂದು ಕೇಳಿದ. ಬೀದಿಯೆಲ್ಲ ನನ್ನ ಕಡೆ ಕೈ ತೋರಿಸಿತು. ಅವನು ಹೆಚ್ಚು ಮಾತಾಡದೆ ಹೋಗಿ ಅವ್ವನ ಕಾಲಿಗೆ ಅಡ್ಡಬಿದ್ದ.

ನನಗೆ ನಗು ಬಂತು, ಅಳುವೂ ಬಂತು. ನಾನು ಹುಡುಕಿಕೊಂಡು ಮೂರು ತಾಲ್ಲೂಕು ಸುತ್ತಿದ ಮನೆ ನಮ್ಮನೆಯೇ ಆಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು. ಅವ್ವನ ಪಕ್ಕ ಕೂತು ಕೇಳಿದೆ: "ಅಲ್ಲವ್ವ, ದೀಪ ಹಚ್ಚೋ ಹೊತ್ನಲ್ಲಿ ತಲೆಬಾಗ್ಲು ಹಾಕ್ಬುಟ್ಯಲ್ಲ, ಲಕ್ಷ್ಮಿ ಬಂದು ವಾಪಸ್ ಓಗಿದ್ರೆ?"

ಅವ್ವ ಮಡಿಲ ಮೇಲಿನ ಸೆರಗು ಸರಿಸಿದಳು. ದೇವರ ಕೋಣೆಯ ಲಕ್ಷ್ಮಿ ಪಟ, ಮುಡಿಸಿದ್ದ ಹೂವಿನ ಸಮೇತ, ಅಲ್ಲಿ ಕೂತಿತ್ತು.

"ಎಲ್ಲೋದಾಳು? ಬಾಗ್ಲಾಕೋಕ್ ಮುಂಚೆ ಇವ್ಳನ್ನ ಎತ್ಕಂಡೇ ಆಚೆಗ್ ಬಂದೆ. ಬೆಂಕಿ ಆರ್ತಲ್ಲ, ಈಗ ತೆಗಿ ಬಾಗ್ಲ, ಇಬ್ರೂ ಒಳಕ್ ಬತ್ತೀವಿ."