ಮುಂದೊಂದು ಗೇರು, ಹಿಂದೊಂದು ಗೇರು

ಹಳೆಯ ಜೀಪನ್ನು ಎತ್ತರಿಸಿ, ಟ್ರ್ಯಾಕ್ಟರಿಗೂ ನಾಚಿಕೆಯಾಗುವಂಥ ದಪ್ಪ ಟಯರು ಹಾಕಿಸಿದ ಮೇಲೆ ಸುಮೇಧನ ಗಾಡಿಗೆ ನೋಟ ಬಂತು, ಓಟ ಹೋಯಿತು. ಅಷ್ಟು ದೊಡ್ಡ ಚಕ್ರ ತಿರುಗಿಸುವ ಕಸು ಎಂಜಿನ್ನಿಗಿರಲಿಲ್ಲ. ಎರಡನೇ ಶನಿವಾರ ಬೆಳಿಗ್ಗೆ ಬನಶಂಕರಿಯ ದೇವಗಿರಿ ಏರಿನ ಮಧ್ಯದಲ್ಲಿ ಅದು ಏದುಸಿರು ಬಿಟ್ಟು ನಿಂತೇಬಿಟ್ಟಿತು. ಹಿಂದೆ ಸಾಲುಗಟ್ಟಿದ ಆಟೋದವರು ಸುಮೇಧನ ವಂಶವನ್ನೆಲ್ಲ ಸ್ಮರಿಸಿದರು. ಪಕ್ಕದಲ್ಲಿದ್ದ ಹೆಂಡತಿ ಜಯಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

"ಸಾಯಂಕಾಲದೊಳಗೆ ಈ ಏರು ಹತ್ತಿದ್ರೆ ಗಾಡಿ ಮನೇಲಿರುತ್ತೆ. ಇಲ್ಲಾಂದ್ರೆ ನಾಳೆನೇ ಮಾರ್ಬಿಡೋದು, ಅಷ್ಟೇ!"

ಜೀಪೆಂದರೆ ಸುಮೇಧನಿಗೆ ಪ್ರಾಣ.

ಪರಿಹಾರ ಅವನಿಗೆ ಗೊತ್ತಿತ್ತು: ಆಕ್ಸಲ್ಲಿನೊಳಗಿನ ಕ್ರೌನ್-ಪಿನಿಯನ್ ಎಂಬ ಗೇರುಜೋಡಿ ಬದಲಿಸಬೇಕು. ಅವುಗಳ ರೇಶಿಯೋ, ಅಂದರೆ ಹಲ್ಲುಗಳ ಅನುಪಾತ, ಹೆಚ್ಚಿದಷ್ಟೂ ಎಳೆತ ಹೆಚ್ಚು, ವೇಗ ಕಮ್ಮಿ. ಎಷ್ಟು ಹೆಚ್ಚಿಸಬೇಕೆಂಬುದೊಂದೇ ಪ್ರಶ್ನೆ. ಗಾಡಿಯನ್ನು ಹಿಮ್ಮುಖವಾಗಿ ಇಳಿಸಿಕೊಂಡು ಮನೆಗೆ ಬಂದವನು ಅದನ್ನು ಗೇಟಿನ ಬಳಿ ಗಟ್ಟಿಯಾಗಿ ಯೋಚಿಸಿದ್ದೇ ತಪ್ಪಾಯಿತು.

"ನಾಲ್ಕೂವರೆ ಹಾಕ್ಸಪ್ಪ, ಮೈಲೇಜು ಉಳಿಯುತ್ತೆ," ಎಂದರು ಮನೆ ಓನರ್ ಅನಂತಪದ್ಮನಾಭ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ರಿಪೇರಿ ಮಾಡಲು ಉಳಿದಿದ್ದು ಬಾಡಿಗೆದಾರರು ಮಾತ್ರ.

"ನಾಲ್ಕೂವರೆ ಯಾವ ಮೂಲೆಗೆ ಸಾರ್? ಐದರ ಮೇಲಿರ್ಬೇಕು!" ಎಂದು ಎದುರುಮನೆಯಿಂದ ಹಲ್ಲುಜ್ಜುತ್ತಲೇ ಬಂದರು ದೇವದಾಸ್. ಸುಮೇಧ ಕೆಲಸ ಮಾಡುವ ಬ್ಯಾಂಕಿಗೆ ಅವರೇ ಮ್ಯಾನೇಜರ್.

ಮಾತು ಬೆಳೆಯಿತು. ಸುಮೇಧ ಮೆಲ್ಲಗೆ ಗಾಡಿ ತೆಗೆದು ಮಡಿವಾಳದ ಗ್ಯಾರೇಜು ಸೇರಿಕೊಂಡ.

"ಎರಡೂ ಸೆಟ್ ಅದಾವ್ರಿ ಸರ. ಯಾವ್ದು ಹಾಕ್ಲಿ?" ಎಂದ ಮೆಕ್ಯಾನಿಕ್ ಹಣಮಪ್ಪ.

ಅಷ್ಟರಲ್ಲಿ ಓನರ್ ಫೋನು: "ನಾಲ್ಕೂವರೆ ತಾನೆ?" ಇಟ್ಟ ಕೂಡಲೇ ಮ್ಯಾನೇಜರ್ ಫೋನು: "ನನ್ನ ಮಾತಿಗೆ ಬೆಲೆ ಇದೆ ಅಲ್ವಾ?" ಒಬ್ಬರು ಮುನಿದರೆ ಮನೆ ಖಾಲಿ, ಇನ್ನೊಬ್ಬರು ಮುನಿದರೆ ವರ್ಗ. ಸುಮೇಧ ಬೆವರು ಒರೆಸಿಕೊಂಡ.

"ಎರಡೂ ಹಾಕ್ಬಿಡಿ."

"ಎರಡೂನೂ? ಎಲ್ಲಿಗ್ರಿ?"

"ಮುಂದಿನ ಆಕ್ಸಲ್‌ಗೆ ಓನರ್ ಹೇಳಿದ್ದು, ಹಿಂದಿನದಕ್ಕೆ ಮ್ಯಾನೇಜರ್ ಹೇಳಿದ್ದು."

ಹಣಮಪ್ಪ ತಲೆ ಕೆರೆದುಕೊಂಡ. "ಗಾಡಿ ನಿಮ್ದೈತಿ, ನನಗೇನ್ರಿ," ಎಂದು ಸ್ಪ್ಯಾನರ್ ಎತ್ತಿಕೊಂಡ.

ಸಾಯಂಕಾಲ ಜೀಪು ಹೊರಟಿತು. ಪಕ್ಕದಲ್ಲಿ ಜಯಾ, ಹಿಂದೆ, ತಮ್ಮ ತಮ್ಮ ಗೇರಿನ ಪ್ರತಾಪ ನೋಡಲು ಹತ್ತಿದ ಇಬ್ಬರು ಹಿರಿಯರು. ಸಾಧಾರಣ ಓಡಾಟದಲ್ಲಿ ಹಿಂದಿನ ಚಕ್ರಗಳಷ್ಟೇ ಎಳೆಯುವುದರಿಂದ ಏರಿನ ಬುಡದವರೆಗೆ ಏನೂ ತೊಂದರೆಯಾಗಲಿಲ್ಲ.

"ಫೋರ್-ವೀಲ್ ಹಾಕಪ್ಪ! ಮುಂದಿನ ಗೇರೂ ಸ್ವಲ್ಪ ಕೆಲಸ ಮಾಡ್ಲಿ," ಎಂದರು ಅನಂತಪದ್ಮನಾಭ.

ಸುಮೇಧ ಲಿವರ್ ಎಳೆದ. ಮುಂದಿನ ಚಕ್ರಗಳು ಓಡೋಣ ಎಂದವು, ಹಿಂದಿನವು ನಡೆಯೋಣ ಎಂದವು. ಗಾಡಿ ಬಿಕ್ಕಳಿಸಿ, ಕುಪ್ಪಳಿಸಿ, ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತಿತು.

"ನಿಮ್ಮ ನಾಲ್ಕೂವರೆಯಿಂದ್ಲೇ ಆಗಿದ್ದು!" ದೇವದಾಸ್ ಕೆಳಗಿಳಿದರು.

"ರೀ, ನಿಮ್ಮ ಐದು ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು!" ಅನಂತಪದ್ಮನಾಭರೂ ಇಳಿದರು.

ತಾನೂ ಇಳಿದು, ನಡುವೆ ನುಗ್ಗಿ ಇಬ್ಬರಿಗೂ ಕೈಮುಗಿಯುತ್ತಿದ್ದ ಸುಮೇಧನ ಬೆನ್ನ ಹಿಂದೆ ಎಂಜಿನ್ ಗುಡುಗಿತು. ತಿರುಗಿ ನೋಡಿದರೆ ಸ್ಟೇರಿಂಗ್ ಜಯಾಳ ಕೈಯಲ್ಲಿ! ಆಟೋಗಳ ಹಾರ್ನು ಕೇಳಲಾರದೆ ಅವಳೇ ಆ ಸೀಟಿಗೆ ಜರುಗಿದ್ದಳು. ಗಾಡಿಯನ್ನು ಚೂರು ಹಿಂದಕ್ಕೆ ಬಿಟ್ಟು, ಗಂಡ ಎಳೆದಿದ್ದ ಲಿವರನ್ನು ಮೊದಲಿನಂತೆ ತಳ್ಳಿ ಆಕ್ಸಿಲರೇಟರ್ ಒತ್ತಿದಳು. ಜೀಪು ಹಿಂದಿನ ಚಕ್ರಗಳ ಬಲದಲ್ಲೇ ಆನೆಯಂತೆ ಏರು ಹತ್ತಿಹೋಯಿತು.

ಸುಮೇಧ ಓಡಿದ. ಮೇಲೆ ತಲುಪುವಾಗ ಅವನಿಗೆ ಉಸಿರೂ ಇರಲಿಲ್ಲ, ಸಂತೋಷಕ್ಕೆ ಮಿತಿಯೂ ಇರಲಿಲ್ಲ.

"ಹತ್ತಿತಲ್ಲ ಜಯಾ! ಮಾರಲ್ಲ ತಾನೆ?"

"ಮಾರೋದಾ? ಹುಚ್ಚಾ ನಿಮ್ಗೆ? ಸಖತ್ತಾಗಿದೆ ರೀ ಗಾಡಿ!"

ಅವನು ಡ್ರೈವರ್ ಬಾಗಿಲಿಗೆ ಕೈಹಾಕಿದ. ಜಯಾ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಸೋಮವಾರದಿಂದ ಆಫೀಸಿಗೆ ನಾನು ಇದ್ರಲ್ಲೇ ಹೋಗ್ತೀನಿ. ನನ್ನ ಸ್ಕೂಟರ್ ನೀವು ಇಟ್ಕೊಳ್ಳಿ."

ಅಷ್ಟರಲ್ಲಿ ಹಿರಿಯರಿಬ್ಬರೂ ಏದುಸಿರು ಬಿಡುತ್ತ ಬಂದರು. ಸುಮೇಧ ಆಸೆಯಿಂದ ಅವರ ಮುಖ ನೋಡಿದ.

"ಈ ಗಾಡಿಗೆ ನೀನೇ ಸರಿ ಕಣಮ್ಮ," ಎಂದರು ಅನಂತಪದ್ಮನಾಭ.

"ನೂರಕ್ಕೆ ನೂರು ನಿಜ ಸಾರ್," ಎಂದರು ದೇವದಾಸ್.

ಓನರ್, ಮ್ಯಾನೇಜರ್ ಇಬ್ಬರೂ ಮೊದಲ ಸಲ ಒಂದೇ ಮಾತಿಗೆ ಬಂದಿದ್ದರು. ಸುಮೇಧ ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತುಕೊಂಡ.