ಡಿಸ್ಕಿನ ಮೇಲೆ ಕಿರುಬೆರಳು

ನಮ್ಮ ಸೋದರಮಾವನ ಕಿರುಬೆರಳಿನ ಉಗುರಿಗೆ ಇರುವಷ್ಟು ಬುದ್ಧಿ ನಮ್ಮ ಇಡೀ ವಂಶದಲ್ಲಿ ಯಾರ ತಲೆಯಲ್ಲೂ ಇಲ್ಲ! ಇದು ನನ್ನ ಮಾತಲ್ಲ, ಮಾವನದೇ. ದೇವನಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳುತ್ತಿರುವ ನನ್ನ ಎದುರಿಗೇ ಅವರು ಇದನ್ನು ಹೇಳುತ್ತಾರೆ. ಅದೂ ನಾನು ಮಾಡಿಕೊಟ್ಟ ಕಾಫಿಯನ್ನೇ ಕುಡಿಯುತ್ತಾ!

ಬಲಗೈಯ ಆ ಉಗುರು ಅರ್ಧ ಇಂಚು ಉದ್ದ. ಮಾವ ಇಲ್ಲೇ ಪಕ್ಕದ ವಿಜಯಪುರದಲ್ಲಿ ನಲವತ್ತು ವರ್ಷ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ ನಡೆಸಿದವರು. ಓಡುವ ನೂಲಿಗೆ ಉಗುರು ಆನಿಸಿದರೆ ಸಾಕು, ಎಲ್ಲಿ ಗಂಟಿದೆ, ಎಲ್ಲಿ ತೆಳುವಾಗಿದೆ ಎಂದು ಹೇಳಿಬಿಡುತ್ತಿದ್ದರಂತೆ. ಉಗುರಿನ ಅಂಚು ಒರಟಾದರೆ ನೂಲು ಹರಿಯುತ್ತದೆಂದು ದಿನಾ ಬೆಳಿಗ್ಗೆ ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ಅದನ್ನು ನಯ ಮಾಡುತ್ತಿದ್ದರು. ಮಿಷನ್ ಮಾರಿ ಎಂಟು ವರ್ಷವಾಯಿತು. ಉಜ್ಜುವುದು ಮಾತ್ರ ನಿಂತಿರಲಿಲ್ಲ.

ಅಜ್ಜ ತೀರಿಕೊಂಡಾಗ ಮಾವ ತಲೆ, ಮೀಸೆ ಎರಡೂ ಬೋಳಿಸಿಕೊಂಡರು. "ಉಗುರೂ ತೆಗೆಸ್ಬೇಕು" ಎಂದರು ಪುರೋಹಿತರು. ಮಾವ ಎರಡೂ ಕೈ ಮುಂದೆ ಚಾಚಿ, "ಒಂಬತ್ತು ತೆಗೆಸ್ತೀನಿ ಸ್ವಾಮಿ" ಎಂದರು! ಪುರೋಹಿತರು ಮಂತ್ರವನ್ನೇ ಮರೆತು ಕೂತರು.

ನನ್ನ ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಕುಂದಾಣಕ್ಕೆ ಹೋಗಿದ್ದ ಕಥೆಯನ್ನು ಅಮ್ಮ ಇವತ್ತಿಗೂ ಬೆವರುತ್ತಲೇ ಹೇಳುತ್ತಾಳೆ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರೆ ಮಾವ ಎದ್ದು ಹೋಗಿ ನಡುಮನೆಯ ಗೋಡೆಯ ಮೇಲೆ ಉಗುರು ಎಳೆದರಂತೆ. ಒಂದು ಚಕ್ಕೆ ಬಣ್ಣ ಕೆಳಗೆ ಬಿತ್ತು. "ನಾವು ಬರ್ತೀವಿ ಅಂತ ಹೊಡ್ಸಿರೋ ಬಣ್ಣ ಕಣಕ್ಕ. ಬಣ್ಣದ ಕೆಳಗೆ ಪುಟ್ಟಿ ಮೆತ್ತಿಲ್ಲ" ಎಂದರು, ಗಂಡಿನ ತಾಯಿಯ ಎದುರಿಗೇ! ಅಮ್ಮನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು. ಆದರೂ ಆ ಸಂಬಂಧ ಹೇಗೆ ಕೂಡಿಬಂತೋ ದೇವರೇ ಬಲ್ಲ. ನಾನು ಆ ಮನೆಗೆ ಸೊಸೆಯಾಗಿ ಹೋದ ಆರನೇ ತಿಂಗಳಿಗೆ ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದಿತು. ಅದನ್ನು ಮಾವನಿಗೆ ನಾನು ಇನ್ನೂ ಹೇಳಿಲ್ಲ. ಹೇಳಿ ಬದುಕುವುದುಂಟೇ?

ದೇವನಹಳ್ಳಿಯಲ್ಲಿ ಚಕ್ಕೋತ ಕೊಳ್ಳುವಾಗಲೂ ಅಷ್ಟೇ. ಬುಟ್ಟಿಯ ಒಂದೊಂದು ಹಣ್ಣಿನ ಸಿಪ್ಪೆಗೂ ಉಗುರು ಒತ್ತಿ, ಕೊನೆಗೆ ಒಂದೇ ಒಂದನ್ನು ಎತ್ತಿಕೊಳ್ಳುತ್ತಿದ್ದರು. ಮಾರುವ ಹೆಂಗಸು ಮೊದಮೊದಲು ಬಾಯಿಗೆ ಬಂದದ್ದು ಬೈದಳು. ಆಮೇಲೆ ನೋಡಿದರೆ, ಉಗುರಿನ ಗುರುತಿದ್ದ ಹಣ್ಣುಗಳನ್ನೇ ಮುಂದಕ್ಕೆ ಜೋಡಿಸಿಟ್ಟು, "ತಗೊಳಿ, ಇವೆಲ್ಲ ಟೆಸ್ಟ್ ಆಗಿರೋ ಹಣ್ಣು" ಎಂದು ಕೂಗುತ್ತಿದ್ದಾಳೆ! ಮಾವ ಬೇಡವೆಂದು ಬಿಟ್ಟ ಹಣ್ಣುಗಳವು!

ಇನ್ನು ಕಾರಿನ ಸಮಾಚಾರ. ಮಾವನ ಬಿಳಿ ಕಾರಿಗೆ ಹದಿಮೂರು ವರ್ಷ. ಮೂರು ವರ್ಷದ ಹಿಂದೆ ಅದರ ಬ್ರೇಕ್ ಪ್ಯಾಡ್ ಸವೆದಾಗ ಗ್ಯಾರೇಜಿಗೆ ನಾನೂ ಜೊತೆಗೆ ಹೋಗಿದ್ದೆ. ಮೆಕ್ಯಾನಿಕ್ ಚಕ್ರ ಬಿಚ್ಚಿ, "ಸಾರ್, ಪ್ಯಾಡ್ ಹೊಸದು ಹಾಕ್ತೀನಿ. ಹಂಗೇ ಡಿಸ್ಕನ್ನೂ ಲೇತ್‌ಗೆ ಕೊಟ್ಟು ಕೆರೆಸಿ ಸಮ ಮಾಡಿಸ್ಬಿಡೋಣ" ಎಂದ. ಪ್ಯಾಡ್ ಅದುಮಿ ಹಿಡಿಯುವ ಉಕ್ಕಿನ ತಟ್ಟೆಯೇ ಈ ಡಿಸ್ಕು. ಮಾವ ಕೂತು, ಕಿರುಬೆರಳಿನ ಉಗುರನ್ನು ಅದರ ಮೇಲೆ ಒಳಗಿನಿಂದ ಹೊರಗೆ ನಿಧಾನವಾಗಿ ಎಳೆದರು. ಗ್ಯಾರೇಜಿಗೆ ಗ್ಯಾರೇಜೇ ಉಸಿರು ಬಿಗಿ ಹಿಡಿಯಿತು.

"ಉಗುರು ಎಲ್ಲೂ ಹಿಡೀಲಿಲ್ಲ. ಬ್ಯಾಡ."

"ಹೊಸ ಪ್ಯಾಡ್ ಹಾಕುವಾಗ ಮಾಡಿಸೋದು ಒಳ್ಳೇದಲ್ವಾ ಸಾರ್?"

"ಲೇತ್‌ಗೆ ಕೊಟ್ಟಷ್ಟು ಸಲ ತೆಳ್ಳಗಾಗ್ತದೆ ಕಣಪ್ಪ. ಚೆನ್ನಾಗಿರೋದನ್ನ ಕೆರೆದು ಅದರ ಆಯಸ್ಸು ಯಾಕೆ ಕಳೀತೀಯ?"

ಮೆಕ್ಯಾನಿಕ್ ಹಟಕ್ಕೆ ಬಿದ್ದು ದಪ್ಪ ಅಳೆಯುವ ವರ್ನಿಯರ್ ತಂದು ನಾಲ್ಕು ಕಡೆ ಅಳೆದ. ಎಲ್ಲ ಕಡೆಯೂ ಒಂದೇ ಅಳತೆ! ಅವನು ವರ್ನಿಯರನ್ನೊಮ್ಮೆ ಉಗುರನ್ನೊಮ್ಮೆ ನೋಡಿದ. ಅಂದಿನಿಂದ ಮಾವ ಆ ದಾರಿಯಲ್ಲಿ ವಾಕಿಂಗ್ ಹೊರಟರೆ ಸಾಕು, "ಸಾರ್, ಇದೊಂದು ಗಾಡಿಗೆ ಉಗುರು ಹಾಕಿ ಹೋಗಿ" ಎಂಬ ಕೂಗು. ಯಾರ ಯಾರದೋ ಕಾರಿನ ಬ್ರೇಕಿನ ಹಣೆಬರಹವನ್ನು ನಮ್ಮ ಮಾವನ ಕಿರುಬೆರಳು ಬರೆಯತೊಡಗಿತು!

ಈ ಉಗುರಿನ ಏಕೈಕ ವೈರಿ ಮಾವನ ಹೆಂಡತಿ, ನಮ್ಮ ಅತ್ತೆ. ಮದುವೆಯಾದ ವಾರದಲ್ಲೇ ಅವರ ರೇಷ್ಮೆ ಸೀರೆಯ ಜರಿ ಅದಕ್ಕೆ ಸಿಕ್ಕಿ ಎಳೆ ಬಂದಿತ್ತಂತೆ. "ಅದನ್ನ ತೆಗೀರಿ, ಇಲ್ಲಾಂದ್ರೆ ಅಮ್ಮನ ಮನೆಗೆ ಹೋಗ್ತೀನಿ" ಎಂದರೆ ಮಾವ ಬಸ್ಸಿನ ಟೈಮ್ ಹೇಳಿದರಂತೆ. ಅತ್ತೆ ಹೋಗಲಿಲ್ಲ, ಉಗುರೂ ಹೋಗಲಿಲ್ಲ. ಜಗಳ ಮಾತ್ರ ನಲವತ್ತೆರಡು ವರ್ಷ ನಡೆಯಿತು.

ಕಳೆದ ತಿಂಗಳು ಅತ್ತೆಯ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ವಾರ ಕಳೆದು ಸೋಮವಾರ ಬೆಂಗಳೂರಿಗೆ ಹೋಗಿ ಮತ್ತೆ ತೋರಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಮಾವನ ಫೋನು: "ಗ್ಯಾರೇಜ್ ಹತ್ರ ಬಾರಮ್ಮ. ಬ್ರೇಕ್ ತುಳಿದ್ರೆ ಗಾಡಿ ನಡುಗ್ತದೆ. ನಿಮ್ಮತ್ತೆ ತಲೆ ಅಲ್ಲಾಡಬಾರ್ದು ಅಂದವ್ರೆ ಡಾಕ್ಟ್ರು."

ಹೋದೆ. ಚಕ್ರ ಬಿಚ್ಚಿಟ್ಟಿತ್ತು. ಸವೆದ ಪ್ಯಾಡ್ ಬಿಸ್ಕತ್ತಿನಷ್ಟೂ ದಪ್ಪವಿರಲಿಲ್ಲ. ಮೆಕ್ಯಾನಿಕ್ ಭಕ್ತಿಯಿಂದ ಪಕ್ಕಕ್ಕೆ ಸರಿದು, "ನೋಡಿ ಸಾರ್, ಪ್ಯಾಡ್ ಮಾತ್ರ ಹಾಕ್ಲಾ, ಡಿಸ್ಕೂ ಕೊಡಣಾ?" ಎಂದ. ಮಾವ ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ.

"ನೀನೇ ಹೇಳಪ್ಪ" ಎಂದರು.

ನಮ್ಮ ಮಾವ ಇನ್ನೊಬ್ಬರ ಅಭಿಪ್ರಾಯ ಕೇಳುವುದೆಂದರೇನು? ಪಾರ್ಶ್ವವಾಯುವೇನಾದರೂ ಹೊಡೆಯಿತೇ? ಹೆದರಿ ಅವರ ಕೈ ಹಿಡಿದು ಹೊರಗೆಳೆದೆ. ಕಿರುಬೆರಳು ಬೋಳಾಗಿತ್ತು! ಅಜ್ಜನ ಸಾವಿಗೂ ಬಗ್ಗದ ಉಗುರು, ಬುಡದವರೆಗೆ ಕತ್ತರಿಸಿಹೋಗಿತ್ತು. ನಾನೂ ಮೆಕ್ಯಾನಿಕ್ಕೂ ಒಟ್ಟಿಗೇ "ಅಯ್ಯೋ!" ಎಂದೆವು.

"ಬಾಗಿಲಿಗೆ ಸಿಕ್ಕಿ ಮುರ್ದೋಯ್ತು. ಈಗ ನಿನ್ನ ಉಗುರು ಹಾಕು ಟೀಚರಮ್ಮ" ಎಂದರು ಮಾವ, ಬೇರೆ ಕಡೆ ನೋಡುತ್ತಾ.

ಎಳೆದೆ. ಅಂಗುಲಕ್ಕೊಂದು ಕಡೆ ಕಟಕ್ ಕಟಕ್ ಎಂದು ಉಗುರು ಸಿಕ್ಕಿಕೊಂಡಿತು. ಮೆಕ್ಯಾನಿಕ್ ಅಳೆದು ಹೇಳಿದ: "ಒಂದ್ ಕಡೆ ದಪ್ಪ, ಒಂದ್ ಕಡೆ ತೆಳು. ಬರೀ ಪ್ಯಾಡ್ ಹಾಕಿದ್ರೆ ಅರ್ಧ ಗಂಟೇಲಿ ಮುಗೀತದೆ, ಆದ್ರೆ ನಡುಕ ಹೋಗಲ್ಲ. ಲೇತ್‌ಗೆ ಕೊಟ್ರೆ ಸಾಯಂಕಾಲ ಆಗ್ತದೆ. ಒಂದ್ಸಲ ಸಮ ಮಾಡೋವಷ್ಟು ದಪ್ಪ ಇನ್ನೂ ಐತೆ."

"ಕೊಡು. ಎರಡೂ ಕಡೇದೂ ಕೊಡು. ನಾನಿಲ್ಲೇ ಕೂತಿರ್ತೀನಿ" ಎಂದರು ಮಾವ. ಆಯಸ್ಸು ಕಳೆಯುವ ಮಾತೇ ಇಲ್ಲ! ಊಟಕ್ಕೂ ಏಳದೆ ಸಂಜೆ ಐದರವರೆಗೆ ಸ್ಟೂಲಿನ ಮೇಲೆ ಕೂತೇ ಇದ್ದರು.

ಮನೆಗೆ ಬಂದಾಗ ಮಾವನ ಮೊಬೈಲಿನ ಅಲಾರಂ ಹೊಡೆಯಿತು. ಮಾವ ಸೋಪು ಹಚ್ಚಿ ಒಮ್ಮೆ, ಮತ್ತೆ ಇನ್ನೊಮ್ಮೆ ಕೈ ತೊಳೆದರು. ಅತ್ತೆ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚಾಚಿದರು. ಮಾವ ಎಡಗೈಯಲ್ಲಿ ಔಷಧಿ ಹಿಡಿದು, ಬಲಗೈಯ ಆ ಬೋಳು ಕಿರುಬೆರಳಿನಿಂದ ಅತ್ತೆಯ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದು ತೊಟ್ಟು ಬಿಟ್ಟರು. ನೂಲು ಮುಟ್ಟುವಾಗಲೂ ಅವರು ಅಷ್ಟು ಹಗುರವಾಗಿ ಮುಟ್ಟಿರಲಾರರು.

ಅತ್ತೆ ಕಣ್ಣು ಮುಚ್ಚಿಕೊಂಡೇ ನನಗೆ ಹೇಳಿದರು: "ಬಾಗಿಲಿಗೆ ಸಿಕ್ತು ಅಂದ್ರಾ? ಸುಳ್ಳು. ಆಸ್ಪತ್ರೇಲಿ ನರ್ಸು ಡ್ರಾಪ್ಸ್ ಹಾಕೋದು ಹೇಳ್ಕೊಟ್ರು. ಇವ್ರು ಹೊರಗೆ ಹೋಗಿ ಬಂದ್ರು. ಮಾರನೆ ದಿನ ಪಟ್ಟಿ ಬಿಚ್ಚಿದ್ರಲ್ಲ, ನನ್ನ ಕಣ್ಣಿಗೆ ಮೊದಲು ಕಂಡಿದ್ದೇ ಆ ಬೋಳು ಬೆರಳು."

ಇಷ್ಟು ವರ್ಷ ಆ ಉಗುರನ್ನು ಲೇವಡಿ ಮಾಡಿಕೊಂಡು ಬಂದ ನಾನು ಅವತ್ತು ಅದಕ್ಕಾಗಿ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಾಗ ಅತ್ತೆ, "ನಿಂತಿದ್ದೇ ಗೊತ್ತಾಗ್ಲಿಲ್ಲ ಕಣ್ರೀ" ಎಂದರು. ಡಾಕ್ಟರು ನೋಡಿ, ಕಣ್ಣು ಚೆನ್ನಾಗಿದೆ ಎಂದರು. ಹೊರಗೆ ಬಂದ ಅತ್ತೆ ಗಂಡನ ಕೈಯನ್ನೇ ನೋಡುತ್ತಾ, ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದರು.

"ಡ್ರಾಪ್ಸ್ ಇನ್ನು ಸ್ವಲ್ಪ ದಿನ ಅಷ್ಟೆ ಅಂತೆ. ಆಮೇಲೆ ಉಗುರು ಬೆಳೆಸ್ಕೊಳ್ರೀ."

ಮಾವ ಕಾರಿನ ಬಾಗಿಲು ತೆಗೆದು, ಅವರ ತಲೆ ತಾಕದಂತೆ ಮೇಲೆ ಕೈ ಅಡ್ಡ ಹಿಡಿದರು.

"ಬಲಗಣ್ಣು ಇನ್ನೂ ಬಾಕಿ ಐತಲ್ಲೇ."