ಎನ್ಸಿಯೋನ ಮೂರು ಒಳ್ಳೆಯ ಗುಣ

ಮುದುಕನ ನೆನಪು ಮಾಸಿದೆ ಅಂತ ಕಿಸಕಿಸ ನಗಬೇಡಿ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆಯಬಹುದು, ಎನ್ಸಿಯೋನ ಕತೆ ಮರೆಯುವುದುಂಟೇ? ನಂಬದವರು ಫೋನನ್ನು ಕಿವಿಯಿಂದ ತೆಗೆಯಿರಿ.

ಕೊಟ್ಕಾ ಬಂದರಿನ ಎನ್ಸಿಯೋ ಒಂಟಿ ಗಂಡಸು. ದುಡಿಯುತ್ತಿದ್ದ ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಅವನ ಕಿವಿಗೆ ಬೀಳುತ್ತಿದ್ದದ್ದು ಎರಡೇ ದನಿ: ರೇಡಿಯೋದ್ದು, ಮತ್ತೆ ಬೆಳಗಿನ ಕಾಫಿಗೆ ಮಹಡಿ ಇಳಿದು ಬರುವ ವಿಧವೆ ತೂಲಿಕ್ಕಿಯದು. ರೇಡಿಯೋದ ಬಾಯನ್ನಾದರೂ ಮುಚ್ಚಿಸಬಹುದಿತ್ತು. ಊರ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಅವನು ಅರ್ಜಿ ಹಾಕಿದ್ದು ಸಂಬಳದಾಸೆಗಲ್ಲ. ಅಲ್ಲಿಯ ಕೆಲಸದವರೆಲ್ಲ ಒಂದೇ ಮೇಜಿಗೆ ಕೂತು ಕಾಫಿ ಕುಡಿಯುವುದನ್ನು ಗಾಜಿನಾಚೆಯಿಂದ ನೋಡಿದ್ದ.

ಆದರೆ ಸಂದರ್ಶನ ಮಾಡುವುದು ಮನುಷ್ಯರಲ್ಲವಂತೆ, ಕಂಪ್ಯೂಟರಂತೆ, ಅದೂ ಮನೆಯಲ್ಲೇ, ಫೋನಿನಲ್ಲೇ.

"ಮನುಷ್ಯರ ಹತ್ರಾನೇ ಬಾಯ್ಬಿಡಲ್ಲ, ಮಷೀನ್ ಹತ್ರ ಏನ್ ಮಾತಾಡ್ತೀಯೋ?" ಎಂದಳು ತೂಲಿಕ್ಕಿ, ಏಲಕ್ಕಿ ಬನ್ನನ್ನು ಕಾಫಿಗೆ ಅದ್ದುತ್ತಾ.

"ನಗಬೇಕಂತೆ ಕಣೋ, ಅದು ಹಲ್ಲು ಎಣಿಸುತ್ತಂತೆ," ಎನ್ನುತ್ತಾ ಕೆಳಮನೆಯ ಓಯ್ವಾ ಒಳಬಂದ.

ಎನ್ಸಿಯೋ ಹಲ್ಲು ಬಿಟ್ಟು ನಕ್ಕು ತೋರಿಸಿದ.

"ಬೇಡ ಬಿಡಪ್ಪಾ. ಹಲ್ಲುನೋವು ಅಂದ್ಕೊಂಡು ಆಸ್ಪತ್ರೆಗೆ ಫೋನ್ ಮಾಡೀತು!" ಎಂದ ಓಯ್ವಾ.

ಮುಖ ಹೊಳೆಯಲಿ ಎಂದು ಓಯ್ವಾ ತಾನು ರಾತ್ರಿ ಮೀನು ಹಿಡಿಯಲು ಒಯ್ಯುವ ದೊಡ್ಡ ದೀಪ ತಂದು ಎದುರಿಗಿಟ್ಟ. ಎನ್ಸಿಯೋ ಸೌನಾದ ಬಿಸಿ ಹಬೆಕೋಣೆಯಲ್ಲಿ ಕೂತವನ ಹಾಗೆ ಬೆವರತೊಡಗಿದ. ಓಯ್ವಾ, ತೂಲಿಕ್ಕಿ ಇಬ್ಬರೂ ಬಾಗಿಲ ಹಿಂದೆ ಅಡಗಿದರು.

ಫೋನಿನಿಂದ ಜೇನು ಸವರಿದಂಥ ದನಿ ಕೇಳಿತು: "ನಿಮ್ಮ ಮೂರು ಒಳ್ಳೆಯ ಗುಣ ಹೇಳಿ."

ಸೌನಾದಲ್ಲಿ ಬರಿಮೈಯಲ್ಲಿ ಕೂರಲು ನಾಚದ ನಮ್ಮ ಜನ, ತಮ್ಮನ್ನು ತಾವೇ ಹೊಗಳಿಕೊಳ್ಳಿ ಅಂದರೆ ನಾಚಿಯೇ ಸಾಯುತ್ತಾರೆ. ಎನ್ಸಿಯೋ ಬೆವರು ಒರೆಸಿಕೊಂಡ.

"ಪರವಾಗಿಲ್ಲ, ನಾನು."

"ಇನ್ನೆರಡು?"

"ನನಗಿಂತ ಒಳ್ಳೆಯವರು ಸಿಗ್ತಾರೆ."

ತೂಲಿಕ್ಕಿಗೆ ತಡೆಯಲಾಗಲಿಲ್ಲ. "ಅಯ್ಯೋ ಪೆದ್ದೇ!" ಎಂದು ಬಾಗಿಲ ಹಿಂದಿನಿಂದಲೇ ಕಿರುಚಿದಳು. "ಏ ಮಷೀನೇ, ನಾನ್ ಹೇಳ್ತೀನಿ ಕೇಳು! ಇಡೀ ಕಟ್ಟಡದ ಮುಂದಿನ ಹಿಮ ತೆಗೆಯೋನು ಇವ್ನೇ. ನನ್ನ ಗಂಡ ಹೋದಾಗ ಒಂದ್ ಮಾತೂ ಆಡ್ದೆ ದಿನಾ ಬಂದು ಪಕ್ಕದಲ್ಲಿ ಕೂತಿರ್ತಿದ್ದ. ಅದು ನಿನ್ನ ಲೆಕ್ಕಕ್ಕೆ ಬರುತ್ತಾ?"

"ತೂಲಿಕ್ಕಿ, ಸುಮ್ನಿರೇ!" ಎಂದ ಎನ್ಸಿಯೋ.

ಮುಂದೆ ನುಗ್ಗಿದ ಅವಳನ್ನು ಹಿಡಿಯಲು ಹೋದ ಓಯ್ವಾ ದೀಪದ ಮೇಲೆ ಬಿದ್ದ. ದನಿ "ಧನ್ಯವಾದ" ಎಂದು ಅಡಗಿತು.

ಸಂಜೆ ಉತ್ತರ ಬಂತು. ತೂಲಿಕ್ಕಿಯೇ ಫೋನ್ ಕಸಿದು ಓದಿದಳು: "ಅರ್ಜಿದಾರರಿಗೆ ಮಾತು ಸಾಲದು. ಆದರೆ ಹಿಂದಿನಿಂದ ಕೇಳಿದ ಮಹಿಳೆಯ ದನಿಯಲ್ಲಿ ಉತ್ಸಾಹವಿದೆ, ಇತರರ ಒಳ್ಳೆಯತನ ಕಾಣುವ ಕಣ್ಣಿದೆ. ಅವರು ಸೋಮವಾರದಿಂದ ಕೆಲಸಕ್ಕೆ ಬರುತ್ತಾರೆಯೇ?"

ತೂಲಿಕ್ಕಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

"ನಾನ್ ಹೋಗಲ್ಲ ಕಣೋ," ಎಂದಳು.

"ಹೋಗು," ಎಂದ ಎನ್ಸಿಯೋ. "ಅಲ್ಲಿ ಕಾಫಿಗೆ ತುಂಬಾ ಜನ ಇರ್ತಾರೆ."

ಸೋಮವಾರ ಕೆಲಸಕ್ಕೆ ಹೋಗುವಾಗ ಅವಳು ಜಾರದಿರಲಿ ಎಂದು ಎನ್ಸಿಯೋ ಎಲ್ಲರಿಗಿಂತ ಮೊದಲೆದ್ದು ದಾರಿಯ ಹಿಮ ತೆಗೆದ. ಒಳಗೆ ಬಂದು ಕಾಫಿ ಬಗ್ಗಿಸಿದ. ನೋಡಿದರೆ, ರೂಢಿಯಂತೆ ಎರಡು ಕಪ್ಪಿಗೆ. ರೇಡಿಯೋ ಹಾಕಿದ.

ಈ ಕತೆಯನ್ನು ನಿಮ್ಮ ಫೋನಲ್ಲೇ ಕೊಳೆಸಬೇಡಿ, ನಾಲ್ಕು ಜನಕ್ಕೆ ದಾಟಿಸಿ. ಒಬ್ಬರೇ ಕಾಫಿ ಕುಡಿಯುವವರು ಯಾರಾದರೂ ಗೊತ್ತಿದ್ದರೆ ಕಳಿಸಬೇಡಿ, ಅವರ ಮನೆಗೇ ಹೋಗಿ ಹೇಳಿ. ಅಲ್ಲಿ ಎರಡನೇ ಕಪ್ಪಿನ ಕಾಫಿ ಆರುತ್ತಿರುತ್ತದೆ.